ಕುಡಿಯಬಾರದ ಎಳನೀರು

“ಅಯ್ಯ, ಕಾಲ್ಯಾಕ ಆಡಸ್ಲಿಕತ್ತೀ? ಸುಮ್ಮನ ಮಲಕೋ!” ದಂಡೋತಿಯಿಂದ ನನ್ನನ್ನು ನೋಡಲು ಆಸ್ಪತ್ರೆಗೆ ಬಂದ ಕಾಕಿ ಕೂಗಿಯೇಬಿಟ್ಟಳು. ಡಯಾಲಿಸಿಸ್ ನಡೆದಿತ್ತು. ಎಡಗೈಯಲ್ಲಿ ಸೂಜಿ ಇತ್ತು, ನಾನು ಮಂಚದ ತುದಿಗಿದ್ದ ಪೆಡಲು ತುಳಿಯುತ್ತಿದ್ದೆ. ಡಾಕ್ಟರೇ ಕಲಿಸಿದ ವ್ಯಾಯಾಮ ಎಂದರೂ ಆಕೆ ನಂಬಲಿಲ್ಲ. ಸಾಯುವವಳನ್ನು ನೋಡುವಂತೆ ನೋಡಿ, ಕಣ್ಣೊರೆಸಿಕೊಂಡು, ಚೀಲದಿಂದ ಎರಡು ಎಳನೀರು ತೆಗೆದಳು. “ಕುಡಿ, ತಾಕತ್ತು ಬರ್ತದ.”

ಕಿಡ್ನಿ ಕೆಟ್ಟವರು ಅದನ್ನು ಕುಡಿದರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಎದೆಬಡಿತವೇ ನಿಂತೀತು. ನನಗೆ ಸಿಟ್ಟು ಬಂತು. ಬಲಗೈಯಲ್ಲಿ ಒಂದು ಕಾಯಿ ಹಿಡಿದು ಭುಜದವರೆಗೆ ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. “ನೋಡು ಕಾಕಿ, ಬಂತು ತಾಕತ್ತು!” ಪಕ್ಕದ ಮಂಚದಲ್ಲಿದ್ದ ಶಹಾಬಾದ ಕಲ್ಲುಗಣಿಯ ಚಾಚಾ, ಸೂಜಿಯಿಲ್ಲದ ಕೈ ನೀಡಿದರು: “ಇನ್ನೊಂದು ಈ ಕಡಿ ಕೊಡ್ರಿ, ನಾನೂ ಎತ್ತತೀನಿ.”

ಈಗ ಯಾರಾದರೂ ನೋಡಲು ಬರುತ್ತೇವೆಂದು ಅಳುದನಿ ತೆಗೆದರೆ ಫೋನಿನಲ್ಲೇ ಹೇಳಿಬಿಡುತ್ತೇನೆ: ಬರ್ರಿ, ಎಳನೀರೂ ತರ್ರಿ, ಆದರೆ ದೊಡ್ಡದು ನೋಡಿ ತರ್ರಿ.