ನಮ್ಮಂಥ ಹೆಂಗಸರು

ನನ್ನ ಅಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ ಎನ್ನುವುದು ನಮ್ಮ ಗುಂಪಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ನನ್ನ ಗೆಳತಿ. ಜಯನಗರದಲ್ಲಿ ತಾತ ಕಟ್ಟಿಸಿದ ಮನೆ ಅವರದು. ಅಪ್ಪ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಅಮ್ಮ ಮನೆಯಲ್ಲೇ ವೀಣೆ ಕಲಿಸುವವರು. ನಾವು ಕೋಣನಕುಂಟೆಯ ಒಂದು ವಠಾರದಲ್ಲಿ ಬಾಡಿಗೆಗಿದ್ದವರು. ನಾನು ಸ್ಕೂಲಿನಲ್ಲಿರುವಾಗಲೇ ಅಪ್ಪ ತೀರಿಕೊಂಡಿದ್ದರು. ಎಂ.ಎ. ಓದುವಾಗ ನಾವಿಬ್ಬರೂ ಪಕ್ಕ ಪಕ್ಕ ಕೂತೆವು, ಒಂದೇ ಪುಸ್ತಕ ಹಂಚಿಕೊಂಡು ಓದಿದೆವು, ಒಂದೇ ಬಸ್ಸಿನಲ್ಲಿ ವಾಪಸಾದೆವು. ಹಾಗೆ ಹತ್ತಿರವಾದವರು.

ಅವಳು ಮೊದಲ ಸಲ ನಮ್ಮ ಮನೆಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಇರುವ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ನಾನು ಒರೆಸುತ್ತಿದ್ದೆ. ಅವಳಾಗಲೇ ಅಮ್ಮನ ಪಕ್ಕ ನೆಲದ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದಳು. ಅಮ್ಮನಿಗೆ ಅವಳು ಅವತ್ತೇ ಇಷ್ಟವಾಗಿಬಿಟ್ಟಳು. ಅವಳ ಕುರ್ತಾದ ತೋಳು ಸಡಿಲವಾಗಿದೆ ಎಂದು ಬಿಚ್ಚಿಸಿ, ನನ್ನದೊಂದನ್ನು ತೊಡಲು ಕೊಟ್ಟು, ಅಲ್ಲೇ ಮಿಷನ್‌ಗೆ ಕೊಟ್ಟು ಸರಿಮಾಡಿದಳು. ಆಮೇಲೆ ನನಗಿಂತ ಅವಳೇ ಅಮ್ಮನಿಗೆ ಹೆಚ್ಚು ಫೋನ್ ಮಾಡುತ್ತಿದ್ದಳು ಅನ್ನಿಸುತ್ತದೆ.

ಓದು ಮುಗಿದು ನನಗೆ ಜೆ.ಪಿ. ನಗರದ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸ ಸಿಕ್ಕಿತು. ಜಯನಗರದಲ್ಲಿ ಮಹಡಿಯ ಮೇಲೊಂದು ಸಣ್ಣ ರೂಮು ಹಿಡಿದೆ. ಅದೇ ಹೊತ್ತಿಗೆ ನಾವಿಬ್ಬರೂ ಒಂದು ಎಡಪಂಥೀಯ ಗುಂಪಿಗೆ ಸೇರಿದೆವು. ಭಾನುವಾರ ಬೆಳಿಗ್ಗೆ ಬನಶಂಕರಿಯಲ್ಲಿ ಒಂದು ಟ್ಯುಟೋರಿಯಲ್‌ನ ಕೋಣೆಯಲ್ಲಿ ಸಭೆ. ಉಳಿದ ದಿನ ಫೇಸ್‌ಬುಕ್‌ನಲ್ಲಿ ಮುಗಿಯದ ಚರ್ಚೆ. ಅಲ್ಲಿಗೆ ಹೋಗುವ ಮುಂಚೆಯೇ ನಾನು ಅವಳಿಗೆ ಹೇಳಿದ್ದೆ.

“ಅಮ್ಮನ ವಿಷಯ ಅಲ್ಲಿ ಯಾರಿಗೂ ಹೇಳ್ಬೇಡ ಕಣೇ. ಪಾಪ ಅನ್ನೋದು ಬೇಡ, ಭೇಷ್ ಅನ್ನೋದೂ ಬೇಡ. ಎಲ್ಲರ ಥರ ಒಬ್ಬಳಾಗಿ ಇರ್ತೀನಿ.”

“ನಾನ್ಯಾಕೆ ಹೇಳ್ಲಿ? ಅದು ನಿಂದು,” ಅಂದಿದ್ದಳು.

ಗುಂಪನ್ನು ನಡೆಸುತ್ತಿದ್ದವರು ನಮಗಿಂತ ಹಿರಿಯರೊಬ್ಬರು. ಲಾರಿ ಕ್ಲೀನರ್ ಆಗಿ ದುಡಿಯುತ್ತಾ ಸಂಜೆ ಕಾಲೇಜಿನಲ್ಲಿ ಓದಿ ಮೇಲೆ ಬಂದವರು. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಸೊಗಸಾಗಿ ಮಾತಾಡುತ್ತಿದ್ದರು. ಅವರ ಮಾತು ಕೇಳಿ ನನಗೆ ಎಷ್ಟೋ ಸಲ ಕಣ್ಣು ತುಂಬಿದೆ, ಅದನ್ನು ಇವತ್ತು ಇಲ್ಲ ಎನ್ನಲಾರೆ. ಪ್ರಿವಿಲೇಜ್, ಹುಟ್ಟಿನಿಂದಲೇ ಸಿಕ್ಕ ಅನುಕೂಲ, ಎನ್ನುವ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಯಾರು ಏನೇ ಹೇಳಿದರೂ, ಹೇಳಿದ್ದಕ್ಕಿಂತ ಮುಂಚೆ ಹೇಳಿದವರು ಎಲ್ಲಿಂದ ಬಂದವರು ಎನ್ನುವುದು ಮುಖ್ಯವಾಗುತ್ತಿತ್ತು. ಅದರಲ್ಲಿ ನ್ಯಾಯವೂ ಇತ್ತು. ನನ್ನ ಗೆಳತಿ ಅದನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡಳು. ಸಭೆಗೆ ಕಾರಿನಲ್ಲಿ ಬರುವುದನ್ನು ಬಿಟ್ಟಳು. ಬಾಯಿ ತೆರೆಯುವ ಮುಂಚೆ “ನನ್ನಂಥೋಳು ಇದನ್ನ ಹೇಳಬಾರದೇನೋ” ಎನ್ನುತ್ತಿದ್ದವಳು ಬರುಬರುತ್ತಾ ಬಾಯಿ ತೆರೆಯುವುದನ್ನೇ ಬಿಟ್ಟಳು.

ಒಂದು ಭಾನುವಾರ ಗಾರ್ಮೆಂಟ್ಸ್ ಹೆಂಗಸರು ಕೆಲವರು ಸಭೆಗೆ ಬಂದಿದ್ದರು. ಸಂಬಳ ಹೆಚ್ಚಿಸಬೇಕೆಂದು ಕೇಳುವ ಬಗ್ಗೆ ಮಾತಾಡುವುದಿತ್ತು. ಅವರಲ್ಲೊಬ್ಬರು, ನನ್ನ ಅಮ್ಮನ ವಯಸ್ಸಿನವರೇ, ಎದ್ದು ನಿಂತರು.

“ಸಾರ್, ಸಂಬಳ ಇರ್ಲಿ. ಸೂಪರ್‌ವೈಸರ್ ಬಾಯಿಗೆ ಬಂದಂಗೆ ಬೈತಾನೆ. ಹಿಂದೆ ಬಂದು ನಿಂತ್ಕೊಂಡು ಮೈಮೇಲೆ ಕೈ ಹಾಕ್ತಾನೆ. ಚಿಕ್ಕ ಚಿಕ್ಕ ಹುಡುಗೀರು ಅಳ್ತವೆ ಸಾರ್...”

“ಅಕ್ಕ, ಅದನ್ನ ಆಮೇಲೆ ಮಾತಾಡೋಣ,” ಎಂದರು ಅಣ್ಣ. “ಮೊದಲು ಸಂಬಳದ ವಿಷಯ ಮುಗಿಸೋಣ.”

ಗದರಿದ್ದಲ್ಲ, ಮೆತ್ತಗೇ ಹೇಳಿದ್ದು. ಆಕೆ ಸೆರಗು ಸರಿಮಾಡಿಕೊಂಡು ಕೂತರು. ಆಮೇಲೆ ಎನ್ನುವುದು ಬರಲಿಲ್ಲ. ಕೋಣೆ ಖಾಲಿ ಮಾಡಬೇಕಿತ್ತು, ಎಲ್ಲರೂ ಎದ್ದೆವು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಅಮ್ಮ ಕೆಲಸದಿಂದ ಬಂದವಳೇ ಬಚ್ಚಲಿಗೆ ಹೋಗಿ, ಉಟ್ಟಿದ್ದ ಸೀರೆ ರವಿಕೆಗಳನ್ನು ಒಗೆಯಲು ಕೂತಿದ್ದಳು. ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದಳು. ಏನಾಯ್ತಮ್ಮ ಎಂದರೆ ಎಣ್ಣೆ ಕಲೆ ಅಂದಳು. ಎಷ್ಟೋ ವರ್ಷದ ಮೇಲೆ, ಫ್ಯಾಕ್ಟರಿಯ ವಿಷಯ ಏನೋ ಮಾತಾಡುತ್ತಾ, “ಅವನನ್ನ ಬೇರೆ ಲೈನಿಗೆ ಹಾಕಿದ್ರು ಬಿಡು,” ಅಂದಿದ್ದಳು. ಅಷ್ಟೇ ನನಗೆ ಗೊತ್ತಿರುವುದು. ಇದನ್ನು ನಾನು ನನ್ನ ಗೆಳತಿಗೆ ಹೇಳಿದ್ದೆ. ಬೇರೆ ಯಾರಿಗೂ ಹೇಳಿಲ್ಲ.

ಮರುದಿನ ಕಾಲೇಜಿನಿಂದ ಬಂದು ನಮ್ಮ ಫೇಸ್‌ಬುಕ್ ಗುಂಪಿನಲ್ಲಿ ನಾಲ್ಕು ಸಾಲು ಬರೆದೆ. ಅಣ್ಣನ ಹೆಸರು ಹಾಕಲಿಲ್ಲ. ಹೆಂಗಸರ ಮೈಮೇಲೆ ಆಗುವ ಅವಮಾನ ನಮ್ಮ ಸಭೆಗಳಲ್ಲಿ ಯಾಕೆ ಯಾವಾಗಲೂ ‘ಆಮೇಲೆ’ ಎನ್ನುವ ಕಡೆಗೆ ಹೋಗುತ್ತದೆ, ಹೊಟ್ಟೆಯೂ ಮೈಯೂ ಒಬ್ಬಳದೇ ಅಲ್ಲವೇ, ಎಂದಷ್ಟೇ ಕೇಳಿದ್ದೆ.

ಅಣ್ಣನೇ ಉತ್ತರ ಬರೆದರು. ‘ಜಯನಗರದ ಬಾಲ್ಕನಿಯಲ್ಲಿ ಕೂತು ಫಿಲ್ಟರ್ ಕಾಫಿ ಕುಡಿಯುವ ಮೇಡಂಗಳಿಗೆ ಹಸಿವು ಏನೆಂದು ಗೊತ್ತಿಲ್ಲ. ಅವರ ಸ್ತ್ರೀವಾದಕ್ಕೆ ದುಡಿಯುವವರ ಹೋರಾಟ ಒಡೆಯುವುದೇ ಕೆಲಸ.’ ಅದರ ಕೆಳಗೆ ಬೇರೆಯವರು ಶುರುಮಾಡಿದರು. ಒಬ್ಬ ನನ್ನ ಪ್ರೊಫೈಲ್ ಫೋಟೋದಲ್ಲಿದ್ದ ಕಾಟನ್ ಸೀರೆಯ ಬೆಲೆ ಊಹಿಸಿದ. ಇನ್ನೊಬ್ಬ, ಇವಳ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು ಕೇಳಿ ಅಂದ. ನನ್ನ ಪರವಾಗಿ ಬರೆದ ಇಬ್ಬರು ಹುಡುಗಿಯರನ್ನು ಇಂಗ್ಲಿಷ್ ಮೀಡಿಯಂ ಕ್ರಾಂತಿಕಾರಿಗಳು ಎಂದು ನಗೆಯಾಡಿದರು. ನಾನು ಕೇಳಿದ್ದ ಪ್ರಶ್ನೆ ಏನು ಎನ್ನುವುದು ಆ ಹೊತ್ತಿಗೆ ಯಾರಿಗೂ ಬೇಕಿರಲಿಲ್ಲ.

ಒಂದು ಸಾಲು ಬರೆದರೆ ಸಾಕಿತ್ತು. ನಮ್ಮಮ್ಮ ಗಾರ್ಮೆಂಟ್ಸ್‌ನವಳು. ಟೈಪ್ ಮಾಡಿದೆ, ಅಳಿಸಿದೆ. ಅಮ್ಮ ಒಗೆದು ಒಗೆದು ಮರೆಯಾಗಿಸಲು ನೋಡಿದ್ದನ್ನು ಈ ಗಂಡಸರ ಮುಂದೆ ಗುರುತಿನ ಚೀಟಿಯ ಹಾಗೆ ಹಿಡಿಯಬೇಕೇ? ಹಿಡಿದರೆ ಮಾತ್ರ ನನ್ನ ಮಾತು ನಿಜವಾಗುವುದೇ? ಕೈ ಬರಲಿಲ್ಲ.

ಆಗ ಗೆಳತಿಯ ಹೆಸರು ಪರದೆಯ ಮೇಲೆ ಕಂಡಿತು. ನನಗೆ ಉಸಿರು ಬಂದ ಹಾಗಾಯಿತು. ಅವಳು ಬರೆದದ್ದು ಇಷ್ಟು: ‘ನಮ್ಮಂಥ ಪ್ರಿವಿಲೇಜ್ ಇರುವ ಹೆಂಗಸರು ಇಂಥ ಹೊತ್ತಿನಲ್ಲಿ ಸುಮ್ಮನಿದ್ದು ಕೇಳಿಸಿಕೊಳ್ಳಬೇಕು ಅನ್ನಿಸುತ್ತೆ.’

ಅಣ್ಣ ಅದಕ್ಕೆ ಲೈಕ್ ಒತ್ತಿದರು.

ಆ ‘ನಮ್ಮಂಥ’ ಎನ್ನುವುದನ್ನು ನಾನು ಎಷ್ಟು ಸಲ ಓದಿದೆನೋ. ಅವಳ ಮನೆಯ ಊಟದ ಮೇಜಿಗೆ ಕೂತಾಗ, ಅವಳ ಅಮ್ಮ ನನಗೆ ತಟ್ಟೆ ಇಡುವಾಗ, ಇವಳೂ ನಮ್ಮಲ್ಲೊಬ್ಬಳು ಎಂದು ಅವಳು ಒಂದು ಸಲ ಅನ್ನಲಿ ಎಂದು ನಾನು ಆಸೆಪಟ್ಟದ್ದುಂಟು. ಅವಳು ಅದನ್ನು ಅಂದದ್ದು ಇಲ್ಲಿ.

ಆ ವಾರವೇ ಜಯನಗರ ನಾಲ್ಕನೇ ಬ್ಲಾಕಿನ ಒಂದು ದರ್ಶಿನಿಯಲ್ಲಿ ಭೇಟಿಯಾದೆವು. ನಿಂತುಕೊಂಡು ಕುಡಿಯುವ ಎತ್ತರದ ಮೇಜು. ಅವಳ ಕಣ್ಣು ಕೆಂಪಗಿತ್ತು.

“ನಿಂಗೆ ಗೊತ್ತಿತ್ತಲ್ಲ,” ಅಂದೆ.

“ಗೊತ್ತಿತ್ತು. ಹೇಳ್ಬೇಡ ಅಂದಿದ್ದೆ ನೀನು. ಮಾತು ಕೊಟ್ಟಿದ್ದೆ.”

“ಹೇಳ್ದೆ ಇರಬಹುದಿತ್ತು. ‘ನಮ್ಮಂಥ’ ಅಂತ ಯಾಕೆ ಬರೆದೆ?”

ಅವಳು ಲೋಟ ಪಕ್ಕಕ್ಕೆ ಸರಿಸಿದಳು. “ನನ್ನಂಥೋಳು ಅಂತ ಬರೆದ್ರೆ, ನಿನ್ನನ್ನ ಬಿಟ್ಟು ನಾನೊಬ್ಬಳೇ ಒಳ್ಳೆಯವಳಾದ ಹಾಗೆ ಆಗ್ತಿತ್ತು. ನಿನ್ನ ಜೊತೆ ನಿಂತ್ಕೋಬೇಕು ಅಂತ ಹಾಗೆ ಬರೆದೆ. ಅಣ್ಣ ಕಷ್ಟಪಟ್ಟು ಬಂದೋರು, ಅವರಿಗೆ ಎದುರು ಹೇಳೋಕೆ ನಾನ್ಯಾರು? ನಮ್ಮನೇಲಿ ಎಲ್ಲಾ ಇದೆ ಕಣೇ. ನನಗೆ ಬಾಯಿ ಬರಲ್ಲ.”

“ಅವರ ಬಾಯಿಗೆ ಹೆದರಿ ನಮ್ಮಮ್ಮನ್ನ ಬಿಟ್ಟುಕೊಟ್ಟೆ.”

“ಹಾಗನ್ಬೇಡ,” ಅಂದಳು. “ಪ್ಲೀಸ್, ಹಾಗನ್ಬೇಡ.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಸುಳ್ಳು ಹೇಳಿದ್ದರೆ ಜಗಳವಾಡಿ, ಆಮೇಲೆ ಎಂದೋ ರಾಜಿಯಾಗಬಹುದಿತ್ತು. ಅವಳು ನಂಬಿದ್ದನ್ನು ಮಾಡಿದ್ದಳು. ಆ ನಂಬಿಕೆಯಲ್ಲಿ ನನಗಾಗಲೀ ಅಮ್ಮನಿಗಾಗಲೀ ಜಾಗವಿರಲಿಲ್ಲ. ಕಾಫಿ ಅರ್ಧಕ್ಕೆ ಬಿಟ್ಟು ಬಂದೆ. ಹಿಂದಿನಿಂದ ಕರೆದಳು, ತಿರುಗಲಿಲ್ಲ.

ಕೋಣನಕುಂಟೆಗೆ ಹೋದಾಗ ಅಮ್ಮನಿಗೆ ಸ್ವಲ್ಪ ಹೇಳಿದೆ. ಫೇಸ್‌ಬುಕ್‌ನಲ್ಲಿ ನನ್ನನ್ನು ಜಯನಗರದ ಶ್ರೀಮಂತರ ಮನೆಯವಳು ಅಂದರಮ್ಮ ಅಂದೆ.

ಅಮ್ಮ ನಕ್ಕಳು. “ಅನ್ಲಿ ಬಿಡೆ, ಒಳ್ಳೇದೇ ಅಲ್ವಾ? ಅಂಗೇ ಆಗ್ಲಿ.” ನಗು ನಿಂತ ಮೇಲೆ ಕೇಳಿದಳು: “ನಿನ್ನ ಫ್ರೆಂಡು ಇದ್ಳಲ್ಲ, ಅವಳೇನಂದ್ಲು?”

“ಅವಳು ಅವತ್ತು ನೋಡಿರಲಿಲ್ಲಮ್ಮ.”

“ನೋಡಿದ್ರೆ ಸುಮ್ನೆ ಬಿಡ್ತಿದ್ಳಾ,” ಅಂದಳು ಅಮ್ಮ.

ನಾನು ಗುಂಪು ಬಿಟ್ಟೆ. ಗಾರ್ಮೆಂಟ್ಸ್ ಹೆಂಗಸರೂ ಭಾನುವಾರ ಬರುವುದನ್ನು ನಿಲ್ಲಿಸಿದರೆಂದು ಕೇಳಿದೆ. ಗೆಳತಿ ಎರಡು ಮೂರು ಮೆಸೇಜ್ ಕಳಿಸಿದಳು, ನಾನು ಉತ್ತರಿಸಲಿಲ್ಲ, ಅವಳು ನಿಲ್ಲಿಸಿದಳು. ನನ್ನ ರೂಮಿನಿಂದ ಅವರ ಮನೆಗೆ ನಡೆದೇ ಹೋಗಬಹುದು. ತರಕಾರಿಗೆ ಹೋಗುವಾಗ ಆ ರಸ್ತೆ ತಪ್ಪಿಸಿ ಸುತ್ತಿಕೊಂಡು ಹೋಗುವುದು ನನಗೆ ಅಭ್ಯಾಸವಾಯಿತು.

ಕಳೆದ ವರ್ಷ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕೆಲಸ ಬಿಡಿಸಿದೆ. ಒಂದು ಮಧ್ಯಾಹ್ನ ಕಾಲೇಜಿನಿಂದ ನೇರವಾಗಿ ಕೋಣನಕುಂಟೆಗೆ ಹೋದರೆ, ಗೆಳತಿ ಅಮ್ಮನ ಮಂಚದ ಪಕ್ಕ ಕೂತು ಅವಳ ಕಣ್ಣಿಗೆ ಔಷಧಿಯ ಹನಿ ಹಾಕುತ್ತಿದ್ದಳು. ಅಮ್ಮನೇ ಫೋನ್ ಮಾಡಿ ಕರೆಸಿಕೊಂಡಿದ್ದಳಂತೆ. ಮೂವರೂ ಊಟ ಮಾಡಿದೆವು. ಅಮ್ಮ ಒಬ್ಬಳೇ ಮಾತಾಡಿದಳು. ಕಪ್ಪು ಕನ್ನಡಕದ ಹಿಂದಿನಿಂದ ನಮ್ಮಿಬ್ಬರ ಮುಖ ಅವಳಿಗೆ ಎಷ್ಟು ಕಾಣುತ್ತಿತ್ತೋ ಗೊತ್ತಿಲ್ಲ. ಹೊರಡುವಾಗ ಗೆಳತಿ ಬಗ್ಗಿ ಅಮ್ಮನ ಕಾಲು ಮುಟ್ಟಿದಳು.

ಬಸ್ ಸ್ಟಾಪಿನ ತನಕ ಜೊತೆಗೆ ನಡೆದೆ. ಕನಕಪುರ ರಸ್ತೆಯಲ್ಲಿ ಗಲಾಟೆಯೋ ಗಲಾಟೆ. ಬಸ್ಸು ಕಂಡಾಗ ಅವಳು ಕೇಳಿದಳು.

“ನಾನು ಇನ್ಮೇಲೆ ಬರಬಹುದಾ?”

ಬಾ ಎನ್ನಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಅದು ಈಗಲೂ ಇದೆ. ಆದರೆ ಅವಳು ಕೇಳಿದ ರೀತಿ, ಒಳಗೆ ಕಾಲಿಡಲು ಅಪ್ಪಣೆ ಬೇಡುವ ಹಾಗಿತ್ತು. ನೆಲದ ಮೇಲೆ ಕೂತು ಅವರೆಕಾಳು ಹಿಸುಕಿದವಳು ಹೀಗೆ ಕೇಳುತ್ತಿರಲಿಲ್ಲ. ಅವಳ ಮುಂದೆ ನಾನೀಗ ಗೆಳತಿಯಾಗಿ ಉಳಿದಿರಲಿಲ್ಲ. ತಪ್ಪಾಗದ ಹಾಗೆ ಎಚ್ಚರದಿಂದ ನಡೆದುಕೊಳ್ಳಬೇಕಾದ ಇನ್ನೊಬ್ಬರ ಕಷ್ಟವಾಗಿದ್ದೆ.

“ಅಮ್ಮನ್ನ ನೋಡ್ಬೇಕು ಅನ್ಸಿದ್ರೆ ಬಾ,” ಅಂದೆ.

ಅವಳು ತಲೆಯಾಡಿಸಿ ಬಸ್ಸು ಹತ್ತಿದಳು. ಆಮೇಲೆ ಬರಲಿಲ್ಲ. ಅಮ್ಮ ಕೇಳಿದಾಗಲೆಲ್ಲ ಅವಳಿಗೆ ಕೆಲಸ ಜಾಸ್ತಿ ಎನ್ನುತ್ತೇನೆ. ಈಚೆಗೆ ಅಮ್ಮ ಕೇಳುವುದನ್ನೂ ಬಿಟ್ಟಿದ್ದಾಳೆ.