ಬೆಂಚಿನ ಮೇಲೆ ಐದು ಮಂದಿ

ಎಳ್ಳಮಾವಾಸ್ಯೆಯ ಮರುದಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪಾಠದ ಮಾತು ನಡೆಯುವುದಿಲ್ಲ. ಎಲ್ಲರ ಮುಂದೆಯೂ ಹಬ್ಬದ ಅಡುಗೆಯ ಒಂದೊಂದು ಡಬ್ಬಿ ಇರುತ್ತದೆ. ಈ ಸಲ ಬೇಮಳಖೇಡದ ತವರಿನಿಂದ ನೇರವಾಗಿ ಬಂದಿದ್ದ ಇಂಗ್ಲಿಷ್ ಮೇಡಂ ತಮ್ಮ ಡಬ್ಬಿಯ ಮುಚ್ಚಳ ತೆಗೆದರು ನೋಡಿ, ಭಜ್ಜಿಯ ವಾಸನೆ ಕೋಣೆಯ ತುಂಬ ಹರಡಿತು. ಬೀದರ ಕಡೆಯವರಾದ ನಮಗೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಕಾಳು, ಸೊಪ್ಪು, ಬದನೆಕಾಯಿ, ಗಜ್ಜರಿ, ಕೈಗೆ ಸಿಕ್ಕಿದ್ದೆಲ್ಲ ಹಾಕಿ, ಹುಣಸೆಹುಳಿ ಹಿಂಡಿ, ಕಡಲೆಹಿಟ್ಟು ಕದಡಿ ಕುದಿಸಿದ್ದು. ಸಜ್ಜೆ ರೊಟ್ಟಿ ಮುರಿದು ಅದ್ದಿಕೊಂಡೆ. ಒಂದು ತುತ್ತು ಬಾಯಿಗಿಟ್ಟವಳು ಅಗಿಯುವುದನ್ನು ಬಿಟ್ಟು ಡಬ್ಬಿಯನ್ನೇ ನೋಡುತ್ತ ಕೂತೆ. ಮೇಡಂ ಖಾರ ಹೆಚ್ಚಾಯಿತೇನೋ ಅಂದುಕೊಂಡು ನೀರಿನ ಬಾಟಲಿ ಮುಂದೆ ಮಾಡಿದರು.

ಖಾರ ಅಲ್ಲ. ನನಗೆ ನಮ್ಮ ಕಾಕು ನೆನಪಾಗಿದ್ದರು.

ನಾನು ಹುಮನಾಬಾದಿನವಳು, ದಿನಾ ಬಸ್ಸಿನಲ್ಲಿ ಹೋಗಿ ಬಸವಕಲ್ಯಾಣದಲ್ಲಿ ಮಕ್ಕಳಿಗೆ ಗಣಿತ ಹೇಳುತ್ತೇನೆ. ಕಾಕು ಹುಮನಾಬಾದಿನ ನಮ್ಮ ಹಳೆಯ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡಿದ್ದ ಮನೆಯ ಸೊಸೆ. ನೆಂಟಸ್ತಿಕೆ ಏನೂ ಇರಲಿಲ್ಲ. ನಮ್ಮಲ್ಲಿ ಪಕ್ಕದ ಮನೆಯ ಹೆಂಗಸು ವಯಸ್ಸಾಗಿದ್ದರೆ ಆಯಿ, ಇಲ್ಲದಿದ್ದರೆ ಕಾಕು, ಅಷ್ಟೇ ಲೆಕ್ಕ. ಅವರ ತವರು ಹುಲಸೂರ. ಅಲ್ಲಿ ಹತ್ತನೇ ಕ್ಲಾಸಿನಲ್ಲಿ ಗಣಿತ ಒಂದರಲ್ಲೇ ನಪಾಸಾಗಿದ್ದರು. ಮತ್ತೆ ಬರೆಯಬೇಕು ಅನ್ನುವಷ್ಟರಲ್ಲಿ ಲಗ್ನವಾಯಿತು, ಎರಡು ಮಕ್ಕಳಾದವು, ಗಣಿತ ಹಾಗೆಯೇ ಉಳಿದುಹೋಯಿತು. ನಾನು ಹತ್ತನೇ ಕ್ಲಾಸಿಗೆ ಬಂದ ವರ್ಷ ನಮ್ಮ ಓಣಿಯ ಅಂಗನವಾಡಿಯ ಟೀಚರಮ್ಮ ನಿವೃತ್ತಿಗೆ ಬಂದಿದ್ದರು. ಆ ಕೆಲಸಕ್ಕೆ ಹತ್ತನೇ ಪಾಸಾಗಿರಬೇಕು. ಕಾಕುಗೆ ಆ ಕೆಲಸ ಬೇಕಿತ್ತು. ಬೇಕಿತ್ತು ಅನ್ನುವುದು ಸಣ್ಣ ಮಾತಾಯಿತು. ಅಂಗನವಾಡಿಯ ಮಕ್ಕಳು ಹಾಡು ಹೇಳುವ ಹೊತ್ತಿಗೆ ಇವರು ರೊಟ್ಟಿ ಬಡಿಯುವುದನ್ನು ಬಿಟ್ಟು ಕಿಟಕಿಗೆ ಬಂದು ನಿಲ್ಲುತ್ತಿದ್ದರು.

ಅವರು ಮತ್ತೆ ಪರೀಕ್ಷೆ ಬರೆಯುವುದಕ್ಕೆ ಮನೆಯಲ್ಲಿ ಯಾರೂ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಗಂಡ ಲಾರಿ ಡ್ರೈವರ್, ಹೈದರಾಬಾದು ಸೊಲ್ಲಾಪುರ ಅಂತ ವಾರಗಟ್ಟಲೆ ಹೊರಗೇ ಇರುತ್ತಿದ್ದರು. ಫೀಸು ಕಟ್ಟಿ ಬಂದವರು ಅವರೇ. ಅತ್ತೆ ಮಾತ್ರ ಖಡಕ್ಕಾಗಿ ಹೇಳಿದ್ದರು, ಇದೊಂದು ಸಲ ನೋಡು, ಆಗದಿದ್ದರೆ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕು ಅಂತ. ಮಾವ ಏನನ್ನೂ ಹೇಳುತ್ತಿರಲಿಲ್ಲ. ನಾವು ಹುಡುಗರೆಲ್ಲ ಅವರನ್ನು ಮುತ್ಯಾ, ಅಂದರೆ ಅಜ್ಜ, ಅನ್ನುತ್ತಿದ್ದೆವು. ಮುತ್ಯಾ ಸೊಸೆಯ ಜೊತೆ ನೇರವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಚಹಾ ಬೇಕಾದರೂ ಮೊಮ್ಮಗನನ್ನು ಕರೆದು, ನಿಮ್ಮವ್ವಗ ಚಹಾ ಇಡಾಕ ಹೇಳು, ಅನ್ನುತ್ತಿದ್ದರು. ಕಾಕು ಒಂದು ಮಾರು ದೂರದಲ್ಲೇ ನಿಂತಿರುತ್ತಿದ್ದರು, ಕಿವಿಯೂ ಚುರುಕಾಗಿತ್ತು, ಆದರೂ ಮೊಮ್ಮಗ ಬಂದು ಹೇಳುವ ತನಕ ಒಲೆಯ ಕಡೆ ಹೊರಳುತ್ತಿರಲಿಲ್ಲ. ಸಿಟ್ಟಿನಿಂದಲ್ಲ, ಅದು ಆ ಮನೆಯ ಮರ್ಯಾದೆ. ಮಾವ ಕೂತಲ್ಲಿ ಸೊಸೆ ಕೂಡಬಾರದು, ತಲೆಯ ಮೇಲಿನ ಸೆರಗು ಜಾರಬಾರದು, ದನಿ ಏರಬಾರದು. ಓಣಿಯ ಬಹಳ ಮನೆಗಳಲ್ಲಿ ಹೀಗೇ ಇತ್ತು, ನಮಗದು ವಿಚಿತ್ರ ಅನ್ನಿಸುತ್ತಲೂ ಇರಲಿಲ್ಲ.

ಮಧ್ಯಾಹ್ನ ಮುತ್ಯಾ ಟಿವಿಎಸ್ ಗಾಡಿ ಹತ್ತಿ ದುಬಲಗುಂಡಿಯ ಹೊಲಕ್ಕೆ ಹೋಗುತ್ತಿದ್ದರು. ಗಾಡಿಯ ಸದ್ದು ಮೂಲೆ ತಿರುಗಿತೋ ಇಲ್ಲವೋ, ಕಾಕುವಿನ ಸೆರಗು ಹೆಗಲಿಗೆ ಇಳಿಯುತ್ತಿತ್ತು. ಆಮೇಲೆ ನಮ್ಮ ಹಿತ್ತಲ ಪಡಸಾಲೆಯಲ್ಲಿ ನಮ್ಮಿಬ್ಬರ ಕ್ಲಾಸು. ಹೆಸರಿಗೆ ನಾನು ಹೇಳಿಕೊಡುವವಳು, ಆದರೆ ನನಗೂ ಅರ್ಧಕ್ಕರ್ಧ ಗೊತ್ತಿರಲಿಲ್ಲ. ಸಮೀಕರಣ, ತ್ರಿಭುಜ ಎಲ್ಲ ಕಾಕುಗೆ ಹಳೆಯ ಪರಿಚಯದವೇ, ಸ್ವಲ್ಪ ಧೂಳು ಕೊಡವಿದರೆ ಸಾಕಿತ್ತು. ಹೊಸದಾಗಿ ಸೇರಿದ್ದು ಕ್ರಮಯೋಜನೆ ಮತ್ತು ವಿಕಲ್ಪ ಅನ್ನುವ ಪಾಠ. ನಮ್ಮ ಗಣಿತದ ಸರ್ ಈ ಪಾಠದಿಂದ ಲೆಕ್ಕ ಬಂದೇ ಬರುತ್ತದೆ, ಕಲಿತರೆ ಪಾಸಾಗುವುದು ಹಗುರ ಅಂದಿದ್ದರು. ಹಾಗಾಗಿ ಅದರ ಹಿಂದೆ ಬಿದ್ದೆವು.

ವಿಕಲ್ಪ ಅವರಿಗೆ ನನಗಿಂತ ಮೊದಲೇ ಹತ್ತಿತು. ಕ್ರಮವನ್ನು ಪರಿಗಣಿಸದೆ ಮಾಡುವ ಆಯ್ಕೆ ಅಂತ ನಾನು ಪುಸ್ತಕದ ಸಾಲನ್ನು ಗಿಣಿಯ ಹಾಗೆ ಒಪ್ಪಿಸುತ್ತಿದ್ದೆ. ಕಾಕು ತಡೆದು, ಅಂದರೆ ಭಜ್ಜಿ ಅನ್ನು, ಅಂದರು. ಅವರೆಕಾಳು ಮೊದಲು ಹಾಕಿದರೂ ಬಟಾಣಿ ಮೊದಲು ಹಾಕಿದರೂ ಗಡಿಗೆಯಲ್ಲಿ ಆಗುವುದು ಅದೇ ಭಜ್ಜಿ. ಏನೇನು ಹಾಕಿದೆ ಅನ್ನುವುದಷ್ಟೇ ಲೆಕ್ಕ. ಇಂದಿಗೂ ನಾನು ಕ್ಲಾಸಿನಲ್ಲಿ ಹಾಗೆಯೇ ಹೇಳುತ್ತೇನೆ, ಹುಡುಗರು ನಗುತ್ತಾರೆ, ಆದರೆ ಮರೆಯುವುದಿಲ್ಲ.

ತೊಡಕಾದದ್ದು ಕ್ರಮಯೋಜನೆಯಲ್ಲಿ, ಯಾರ ಪಕ್ಕ ಯಾರು ಅನ್ನುವುದೂ ಲೆಕ್ಕಕ್ಕೆ ಬರುವಲ್ಲಿ. ಒಂದು ಲೆಕ್ಕವಿತ್ತು. ಒಂದು ಕುಟುಂಬದ ಐದು ಜನರನ್ನು ಒಂದು ಬೆಂಚಿನ ಮೇಲೆ ಎಷ್ಟು ವಿಧದಲ್ಲಿ ಕೂಡಿಸಬಹುದು? ಐದರ ಫ್ಯಾಕ್ಟೋರಿಯಲ್, ಅಂದರೆ ಐದರಿಂದ ಒಂದರ ತನಕ ಗುಣಿಸಿದರೆ ನೂರಾ ಇಪ್ಪತ್ತು, ಮುಗಿಯಿತು. ಕಾಕು ಕೇಳಿದ್ದು, ಐದು ಜನ ಅಂದರೆ ಯಾರ್ಯಾರು? ಪುಸ್ತಕದಲ್ಲಿ ಬರೆದಿಲ್ಲ ಅಂದೆ. ಬರೆಯದಿದ್ದರೆ ಹ್ಯಾಗೆ ಕೂಡಿಸುವುದು ಅಂತ ತಾವೇ ಐದು ಕಾಳು ತಂದರು. ಮೊರದ ಬೆನ್ನ ಮೇಲೆ ತೊಗರಿ ಮಾವ, ಕಡಲೆ ಅತ್ತೆ, ಜೋಳ ಗಂಡ, ಹೆಸರು ಮಗ, ಶೇಂಗಾ ತಾನು. ಮೂರು ಮಧ್ಯಾಹ್ನ ಕಾಳು ಸರಿಸಿ ಸರಿಸಿ, ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೀರು ಹಾಕುತ್ತ ಹೋದರು. ಕೊನೆಗೆ ಬಂದದ್ದು ಎಪ್ಪತ್ತೆರಡು. ಮತ್ತೆ ಮಾಡಿದರೂ ಎಪ್ಪತ್ತೆರಡೇ.

ನಾನು ಪಕ್ಕದಲ್ಲಿ ಕೂತು ನೋಡಿದೆ. ತೊಗರಿಯ ಪಕ್ಕಕ್ಕೆ ಶೇಂಗಾ ಬರುವ ಸಾಲು ಬಂದಾಗಲೆಲ್ಲ ಕಾಕು ಅದನ್ನು ಗೀರು ಹಾಕದೆ ದಾಟಿಬಿಡುತ್ತಿದ್ದರು. ಯಾಕೆ ಬಿಟ್ಟಿರಿ ಅಂತ ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು, ಇಷ್ಟೂ ತಿಳಿಯದ ಹುಡುಗಿಯ ಹತ್ತಿರ ಕಲಿಯಲು ಬಂದೆನಲ್ಲ ಅನ್ನುವ ಹಾಗೆ.

“ಮಾವನ ಬಾಜೂಕ ಸೊಸಿ ಹ್ಯಾಂಗ ಕೂಡ್ತಾಳ ತಂಗಿ? ಕಿತಾಬ ಬರದವರ ಮನ್ಯಾಗ ಸೊಸಿ ಇಲ್ಲೇನು?”

ಇದನ್ನು ನಮ್ಮ ಸರ್‌ಗೆ ಹೇಳಿದರೆ ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ಚಾಕ್‌ಪೀಸು ಹಿಡಿದು ಲೆಕ್ಕ ಮಾಡಿ, ಇಬ್ಬರು ಅಕ್ಕಪಕ್ಕ ಕೂಡಬಾರದು ಅಂತ ಷರತ್ತು ಹಾಕಿದರೆ ಎಪ್ಪತ್ತೆರಡೇ ಸರಿ, ಆಕೆ ಒಂದು ಸಾಲೂ ತಪ್ಪಿಲ್ಲ, ಆದರೆ ಪರೀಕ್ಷೆಯಲ್ಲಿ ಷರತ್ತು ಕೊಡದಿದ್ದರೆ ತಾನಾಗಿ ಹಾಕಿಕೊಂಡವರಿಗೆ ಅಂಕ ಇಲ್ಲ, ಅಂದರು. ನಾನು ಬಂದು ಅದನ್ನೇ ಹೇಳಿದೆ. ಕಾಕುಗೆ ಮೊದಲ ಅರ್ಧ ಮಾತ್ರ ಕೇಳಿಸಿತು. ತಾನು ಸರಿ ಅಂತ ಖುಷಿಯಾಗಿ ನನಗೆ ಬೆಲ್ಲ ಶೇಂಗಾ ಕೊಟ್ಟರು. ನನಗೆ ತಲೆ ಕೆಟ್ಟಿತು. ಗಣಿತದಲ್ಲಿ ಯಾರೂ ಯಾರಿಗೂ ಮಾವ ಅಲ್ಲ, ಕಣ್ಣು ಮುಚ್ಚಿ ಎಲ್ಲರನ್ನೂ ಎಲ್ಲ ಕಡೆ ಕೂಡಿಸಿಬಿಡಿ, ಅಂತ ಗದರಿದೆ. ಆಗಲಿ ಅಂದರು. ಆದರೆ ಕಾಳು ಸರಿಸುವಾಗ ಆ ಜಾಗಕ್ಕೆ ಬಂದ ಕೂಡಲೆ ಕೈ ನಿಂತುಬಿಡುತ್ತಿತ್ತು... ಒಮ್ಮೆ ಹಟದಿಂದ ಶೇಂಗಾವನ್ನು ತೊಗರಿಯ ಪಕ್ಕ ಇಟ್ಟು, ತಕ್ಷಣ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಹಿತ್ತಲಲ್ಲಿ ನಾವಿಬ್ಬರೇ ಇದ್ದೆವು.

ಪರೀಕ್ಷೆ ಬಂತು. ನನ್ನ ಸೆಂಟರು ಹುಮನಾಬಾದಿನಲ್ಲೇ. ಖಾಸಗಿಯಾಗಿ ಕಟ್ಟಿದ ಕಾಕುಗೆ ಬಸವಕಲ್ಯಾಣ ಹಾಕಿದ್ದರು. ಕರೆದುಕೊಂಡು ಹೋಗಬೇಕಾದ ಗಂಡನ ಲಾರಿ ಹಿಂದಿನ ದಿನ ಸೊಲ್ಲಾಪುರದ ಆಚೆ ಕೆಟ್ಟು ನಿಂತಿತು. ಸೊಸೆ ಒಬ್ಬಳೇ ಬೇರೆ ಊರಿಗೆ ಬಸ್ಸು ಹತ್ತುವುದು ಆ ಮನೆಯಲ್ಲಿ ನಡೆದದ್ದಿಲ್ಲ. ಬೆಳಗ್ಗೆ ನಾನು ಹಾಲ್ ಟಿಕೆಟ್ ಹಿಡಿದು ಹೊರಬಿದ್ದಾಗ ಅವರ ಬಾಗಿಲಲ್ಲಿ ಅತ್ತೆಯ ಮಾತು ಕೇಳುತ್ತಿತ್ತು, ಬಿಡು, ಹಣೆಯಲ್ಲಿ ಬರೆದಿಲ್ಲ, ಅಂತ. ಕಾಕು ಹೊಸ ಸೀರೆ ಉಟ್ಟು ಒಲೆಯ ಮುಂದೆ ಕೂತಿದ್ದರು. ಒಲೆ ಹೊತ್ತಿರಲಿಲ್ಲ.

ಆಗ ಮುತ್ಯಾ ಒಳಗಿನಿಂದ ಬಂದರು. ಮದುವೆಗೆ ಹಾಕುವ ಕೋಟು, ತಲೆಗೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಛತ್ರಿ. ಹೆಂಡತಿಯ ಕಡೆ ನೋಡಲಿಲ್ಲ, ಸೊಸೆಯ ಕಡೆಯೂ ನೋಡಲಿಲ್ಲ. ಅಂಗಳಕ್ಕೆ ಇಳಿದು ನಿಂತು ಮೊಮ್ಮಗನಿಗೆ ಹೇಳಿದರು, “ನಿಮ್ಮವ್ವಗ ಬಸ್ಸಿನ ಹೊತ್ತಾತು ಅಂತ ಹೇಳು.”

ಮುಂದಿನದನ್ನು ನನಗೆ ಹೇಳಿದ್ದು ಕಾಕು. ಬಸ್ಸು ತುಂಬಿತ್ತು, ಇಬ್ಬರು ಕೂಡುವ ಸೀಟು ಒಂದೇ ಖಾಲಿ. ಮುತ್ಯಾ ಸೊಸೆಗೆ ಕೂಡು ಅಂತ ಕೈ ಮಾಡಿ ತಾವು ಕಂಬಿ ಹಿಡಿದು ನಿಂತರು. ಮಾವ ನಿಂತಿರುವಾಗ ಈಕೆ ಕೂಡುವುದಾದರೂ ಹೇಗೆ, ಇವರೂ ನಿಂತರು. ಊರು ದಾಟಿದರೂ ಸೀಟು ಖಾಲಿ, ಇಬ್ಬರೂ ಅದರ ಎರಡು ಕಡೆ ಜೋಲಿ ಹೊಡೆಯುತ್ತ ನಿಂತೇ ಇದ್ದಾರೆ. ಕಂಡಕ್ಟರನಿಗೆ ರೇಗಿತು. ಸೀಟು ಬಿಟ್ಟು ಹಾದಿಗೆ ಅಡ್ಡ ಯಾಕೆ ನಿಂತಿದ್ದೀರಿ ಅಂತ ಇಬ್ಬರಿಗೂ ಸೇರಿಸಿಯೇ ಬೈದ. ಬಸ್ಸೆಲ್ಲ ಇವರ ಕಡೆ ತಿರುಗಿತು. ಮುತ್ಯಾ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿದರು. ಆಮೇಲೆ, ಆ ಮನೆಗೆ ಸೊಸೆ ಬಂದ ಮೇಲೆ ಮೊದಲ ಸಲ, ಆಕೆಯ ಜೊತೆ ನೇರವಾಗಿ ಮಾತಾಡಿದರು.

“ಕೂಡವ್ವ. ಪರೀಕ್ಷಾ ಬರಿಯಾಕ ಹೊಂಟಿ, ಕಾಲು ನೋಯಿಸ್ಕೋಬ್ಯಾಡ.”

ಕಾಕು ಕಿಟಕಿಯ ಕಡೆ ಕೂತರು. ಮುತ್ಯಾ ಈಚೆ ತುದಿಯಲ್ಲಿ ಅರ್ಧ ಹೊರಗೇ ಇದ್ದ ಹಾಗೆ ಕೂತು, ನಡುವೆ ಛತ್ರಿ ಇಟ್ಟರು. ಒಂದು ತಿರುವಿನಲ್ಲಿ ಛತ್ರಿ ಬಿದ್ದು ಮುಂದಿನವರ ಸೀಟಿನ ಕೆಳಗೆ ಹೋಯಿತು. ಯಾರೂ ಎತ್ತಲಿಲ್ಲ.

ಅಂದು ನನ್ನ ಪ್ರಶ್ನೆಪತ್ರಿಕೆಯಲ್ಲಿ ಆರು ಮಂದಿಯನ್ನು ಸಾಲು ಕುರ್ಚಿಗಳಲ್ಲಿ ಕೂಡಿಸುವ ಲೆಕ್ಕ ಕಂಡಾಗ ನನ್ನ ಉತ್ತರ ಬದಿಗಿರಲಿ, ಬಸವಕಲ್ಯಾಣದಲ್ಲಿ ಕಾಕು ಏನು ಮಾಡುತ್ತಿದ್ದಾರೋ ಅಂತ ಯೋಚಿಸುತ್ತ ಪೆನ್ನು ಕೆಳಗಿಟ್ಟೆ. ಕುಟುಂಬದ ಆರು ಮಂದಿ ಅಂತಲೇ ಇತ್ತು. ಷರತ್ತು ಇರಲಿಲ್ಲ.

ಸಂಜೆ ಅವರು ಮನೆಗೆ ಬಂದು ಸೀರೆ ಬದಲಿಸದೆ ನಮ್ಮ ಹಿತ್ತಲಿಗೆ ಬಂದರು. ನನಗೆ ಕೇಳಲು ಹೆದರಿಕೆ. ಅವರೇ ಗೋಡೆಗೆ ಒರಗಿ ಹೇಳಿದರು, “ಎಲ್ಲಾರ್ನೂ ಎಲ್ಲಾ ಕಡಿ ಕೂಡಿಸಿ ಬಂದೇನಿ ತಂಗಿ. ಏನೂ ಆಗಲಿಲ್ಲ ನೋಡು.” ಬಸ್ಸಿನ ಕಥೆ ಹೇಳುತ್ತ ಛತ್ರಿಯ ತನಕ ಬಂದಾಗ ನಗು ಶುರುವಾಯಿತು. ಎಂಥಾ ನಗು... ಗೋಡೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕೊನೆಗೆ ನೆಲಕ್ಕೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಮ್ಮವ್ವ ಏನಾಯಿತು ಅಂತ ಹೊರಗೆ ಬಂದು, ಕಾರಣ ಗೊತ್ತಿಲ್ಲದೆ ತಾನೂ ನಗತೊಡಗಿದಳು.

ಕಾಕು ಪಾಸಾದರು. ಅಂಗನವಾಡಿ ಅವರದಾಯಿತು. ನಾನು ಓದಲು ಕಲಬುರಗಿಗೆ ಹೋದೆ, ನಮ್ಮ ಮನೆಯವರು ಊರಿನ ಇನ್ನೊಂದು ತುದಿಗೆ ಮನೆ ಬದಲಿಸಿದರು. ಯಾವಾಗ ಆ ಓಣಿಗೆ ಹೋದರೂ ಮಕ್ಕಳ ನಡುವೆ ಚಾಪೆಯ ಮೇಲೆ ಕೂತ ಕಾಕು ಕೈಯೆತ್ತಿ ಕರೆಯುತ್ತಿದ್ದರು. ಹೋದ ಮಳೆಗಾಲದಲ್ಲಿ ಕಾಮಾಲೆ ಬಂತು. ಬೀದರಿಗೆ ಕರೆದೊಯ್ದರು, ತಡವಾಗಿತ್ತು. ಸಾಯುವ ವಯಸ್ಸಲ್ಲ ಅದು, ಇನ್ನೂ ತಲೆ ಸರಿಯಾಗಿ ಬೆಳ್ಳಗಾಗಿರಲಿಲ್ಲ. ಮಣ್ಣಿಗೆ ಹೋದಾಗ ಜನ ಬಹಳ ಇದ್ದರು, ಯಾರ ಜೊತೆಯೂ ಮಾತಾಡಲು ಆಗಲಿಲ್ಲ.

ಭಜ್ಜಿ ತಿಂದ ದಿನ ಸಂಜೆ ಹುಮನಾಬಾದಿನಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ಹಳೆಯ ಓಣಿಗೆ ನಡೆದೆ. ಮುತ್ಯಾ ಕಟ್ಟೆಯ ಮೇಲೆ ಕೂತಿದ್ದರು, ಬಹಳ ಇಳಿದುಹೋಗಿದ್ದರು. ಗುರುತು ಹೇಳಿದೆ. ಕೈ ಹಿಡಿದು ಪಕ್ಕದಲ್ಲೇ ಕೂಡಿಸಿಕೊಂಡರು. ಅದು ಇದು ಮಾತಾಯಿತು. ಆ ಪರೀಕ್ಷೆಯ ದಿನದ ಮಾತನ್ನು ಅವರೇ ತೆಗೆದರು, ಪೇಪರ್ ಹೇಗಿತ್ತು ಅಂತ ನಾನು ಕೇಳಲೇ ಇಲ್ಲ, ಆಕೆಯೂ ಹೇಳಲಿಲ್ಲ, ವಾಪಸು ಬರುವ ತನಕ ಇಬ್ಬರೂ ಸುಮ್ಮನೆ ಕೂತಿದ್ದೆವು, ಅಂತ. ನಾನು ಎಲ್ಲವನ್ನೂ ಹೇಳಿದೆ. ಮೊರದ ಮೇಲಿನ ಕಾಳು, ತೊಗರಿ ಅವರೇ ಎಂಬುದು, ಎಪ್ಪತ್ತೆರಡು, ಸಂಜೆಯ ಹಿತ್ತಲು. ತೊಗರಿ ಅಂದಾಗ ಅವರ ಹಲ್ಲಿಲ್ಲದ ಬಾಯಿ ಅಗಲವಾಯಿತು. ಕಾಕು ಗೋಡೆ ಹಿಡಿದು ನಕ್ಕದ್ದನ್ನು ಹೇಳಿದಾಗ ಹಿಡಿದಿದ್ದ ಕೈ ಬಿಟ್ಟು ನನ್ನ ಕಡೆ ಹೊರಳಿ ಕೂತರು.

“ಇಷ್ಟ ವರ್ಷ ನಮ್ಮನ್ಯಾಗ ಇದ್ಳು,” ಅಂದರು. “ಆಕಿ ನಕ್ಕದ್ದು ನಾ ಒಮ್ಮೀನೂ ಕೇಳಿಲ್ಲ, ತಂಗಿ.”

ಓಣಿಯಲ್ಲಿ ಯಾರೋ ದನ ಹೊಡೆದುಕೊಂಡು ಹೋದರು. ಅವರು ದಾಟಿ ಹೋಗುವ ತನಕ ಕಾದು, ಮುತ್ಯಾ ತೀರಾ ಸಣ್ಣ ದನಿಯಲ್ಲಿ ಕೇಳಿದರು.

“ಹ್ಯಾಂಗ ನಗ್ತಿದ್ದಳು?”

ಹೇಳಲು ಬಾಯಿ ತೆರೆದೆ. ಆ ನಗು ನನ್ನ ಕಿವಿಯಲ್ಲಿ ಈಗಲೂ ಇದೆ, ಆದರೆ ಅದನ್ನು ಮಾತಿನಲ್ಲಿ ಹೇಗೆ ಹೇಳುವುದು... “ಜೋರಾಗಿ ರೀ ಮುತ್ಯಾ,” ಅಂದೆ. ಅಷ್ಟೇ ಬಂತು. ಮುತ್ಯಾ ಇನ್ನೂ ಏನೋ ಕೇಳಿಸೀತು ಅನ್ನುವ ಹಾಗೆ, ಕಿವಿಯನ್ನು ನನ್ನ ಕಡೆಗೆ ಮಾಡಿ ಕೂತೇ ಇದ್ದರು.