ಹಾಲಿನ ಕೋಣೆಯ ಹೊಸ್ತಿಲು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವುದು ನನ್ನ ಕಸುಬು. ಗೋಡೆಯಲ್ಲಿ ಸದ್ದಾದರೆ ಇಲಿ, ಚಾವಣಿಯಲ್ಲಿ ಸದ್ದಾದರೆ ಗಾಳಿ, ಇಷ್ಟೇ ನನ್ನ ಲೆಕ್ಕ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೂ ಬೇಸರವಿಲ್ಲ.

ಹೆಂಡತಿ ತೀರಿಕೊಂಡ ವರ್ಷ ಅದು. ನಾನು ಅತ್ತಿರಲಿಲ್ಲ. ಧಾರವಾಡದಿಂದ ಬಂದ ಅಕ್ಕ, "ಒಮ್ಮೆ ಅತ್ತಬಿಡೋ, ಎದಿಯೊಳಗ ಇಟ್ಕೋಬ್ಯಾಡ" ಎಂದು ಗೋಗರೆದಳು. ಅಳು ಬರಲಿಲ್ಲ, ಏನು ಮಾಡಲಿ? ಊಟ, ಕೆಲಸ, ನಿದ್ದೆ ಎಲ್ಲ ನಡೆದಿತ್ತು. ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಯ ಹೊಸ್ತಿಲಿಗೆ ಶುಕ್ರವಾರ ಅರಿಶಿನ ಹಚ್ಚುವವರು ಮಾತ್ರ ಇರಲಿಲ್ಲ. ತಾನು ಹಚ್ಚಲೇ ಎಂದು ಮಗಳು ವಿದ್ಯಾ ಕೇಳಿದಾಗ ಬೇಡ ಎಂದಿದ್ದೆ.

ಲಂಡನ್ನಿನ ದಕ್ಷಿಣದ ಅಂಚಿನಲ್ಲಿ, ಹೊಲಗಳ ನಡುವೆ, ಬಹಳ ವರ್ಷದಿಂದ ಬೀಗ ಬಿದ್ದಿದ್ದ ರೈತರ ಮನೆಯೊಂದನ್ನು ಅಳೆಯುವ ಕೆಲಸ ಬಂತು. ನನ್ನೊಬ್ಬನನ್ನೇ ಬಿಡಲಾರದೆ ವಿದ್ಯಾ ಕಾರು ತಂದಳು, ಟೇಪಿನ ಇನ್ನೊಂದು ತುದಿ ಹಿಡಿದಳು. ಗೋಡೆ ಚಕಮಕಿ ಕಲ್ಲಿನದು, ಮೊಳಕ್ಕಿಂತ ದಪ್ಪ. ಒಲೆಯ ಗೂಡಿನೊಳಗೆ ಇಬ್ಬರು ಕೂರಬಹುದು. ಅಡುಗೆಮನೆಯಿಂದ ಹಾಲಿನ ಕೋಣೆಗೆ ಇಳಿದು ಹೋಗಬೇಕು; ಬೆಣ್ಣೆ ಕರಗದಿರಲೆಂದು ಅದನ್ನು ಉತ್ತರ ದಿಕ್ಕಿಗೆ, ನೆಲಮಟ್ಟಕ್ಕಿಂತ ಕೆಳಗೆ ಕಟ್ಟುತ್ತಿದ್ದರು. ಎರಡರ ನಡುವೆ ಕಲ್ಲಿನ ಹೊಸ್ತಿಲು. ತುಳಿದು ತುಳಿದು ನಡುಭಾಗ ಸವೆದಿತ್ತು.

ಅಲ್ಲಿ ಹಳದಿ ಕಂಡಿತು. ಕಲ್ಲುಹೂವು ಇರಬೇಕು ಎಂದುಕೊಂಡೆ. ಆದರೆ ಅದು ಬಿಸಿಲು ಬೀಳುವ ಹೊರಗೋಡೆಗೆ ಬೆಳೆಯುತ್ತದೆ, ಕತ್ತಲೆಯ ಒಳಬಾಗಿಲಿಗಲ್ಲ. ಬೆರಳಿನಿಂದ ಮುಟ್ಟಿದೆ, ಹಸಿಯಾಗಿತ್ತು. ಮೂಸಿ ನೋಡಿದೆ.

"ಅಪ್ಪಾ, ಅರಿಷಿಣ ಅದ," ಎಂದಳು ವಿದ್ಯಾ. "ಹೂ ಡಿಡ್ ದಿಸ್? ನೀವ ಹಚ್ಚೀರೇನು?"

"ನಾ ಯಾಕ ಹಚ್ಚಲಿ? ಈಗರೆ ಬೀಗ ತಗದೇವಿ."

ನೆಲದ ಧೂಳಿನಲ್ಲಿ ನಮ್ಮಿಬ್ಬರ ಹೆಜ್ಜೆ ಬಿಟ್ಟರೆ ಬೇರೆ ಇರಲಿಲ್ಲ. ವಿದ್ಯಾ ಗೋಡೆಗೆ ಒರಗಿ ಅತ್ತಳು. ನಾನು ಹೊಸ್ತಿಲಿನ ಅಗಲ ಅಳೆದು ಬರೆದುಕೊಂಡೆ. ಏನೂ ಅನ್ನಿಸಲಿಲ್ಲ, ನಂಬಿ.

ಮನೆಯ ಮಾಲೀಕನನ್ನು ಕೇಳಿದೆ. ಕೀಲಿ ಬೇರೆ ಯಾರ ಹತ್ತಿರವೂ ಇಲ್ಲ ಎಂದ. ಅದನ್ನು ಹಚ್ಚಿದವರು ಯಾರೆಂದು ಇಂದಿಗೂ ತಿಳಿದಿಲ್ಲ, ತಲೆ ಕೆಡಿಸಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ಆ ಸಂಜೆ ಮನೆಗೆ ಬಂದವನೇ ರೂಢಿಯಂತೆ ಸೋಪು ಹಚ್ಚಿ ಕೈ ತೊಳೆದೆ. ಬೆರಳಿನ ಹಳದಿ ಸೋಪು ತಾಗಿ ಕುಂಕುಮದ ಹಾಗೆ ಕೆಂಪಾಯಿತು, ಸಿಂಕಿನಲ್ಲಿ ಇಳಿದುಹೋಯಿತು. ಹೋದ ಮೇಲೆ ತಿಳಿಯಿತು ನನಗೆ, ತೊಳೆದದ್ದು ಏನನ್ನು ಎಂದು. ನಲ್ಲಿ ನಿಲ್ಲಿಸಲೂ ಆಗದೆ ಅಲ್ಲೇ ನಿಂತು ಅತ್ತುಬಿಟ್ಟೆ.